ಮುನ್ನೂರು ಮೊಟ್ಟೆ, ಎರಡು ದಪ್ಪ ಟೈರು

ಬೆಳಗ್ಗೆ ಎಂಟು ಗಂಟೆಗೆ, ಮುನ್ನೂರು ಮೊಟ್ಟೆ ಹೇರುವುದಕ್ಕೆ ಇನ್ನೇನು ಕೈ ಹಾಕಬೇಕು, ಜೋಪಾನಪ್ಪನ ಸೈಕಲ್ಲಿನ ಹಿಂದಿನ ಟೈರು ಢಂ ಎಂದು ಸಿಡಿಯಿತು. ಹಿತ್ತಲಿನ ಇನ್ನೂರು ಕೋಳಿಗಳೂ ಒಟ್ಟಿಗೆ ಕೂಗಿಕೊಂಡವು. ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಕಾಂಪೌಂಡಿನ ಮೇಲೆ ತಲೆ ಎತ್ತಿದರು.

ಜೋಪಾನಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಹತ್ತು ವರ್ಷದಿಂದ ಸೈಕಲ್ಲಿನ ಹಿಂದೆ ಮೊಟ್ಟೆ ಕಟ್ಟಿಕೊಂಡು, ಎದುರಾದವರಿಗೆಲ್ಲ "ಜೋಪಾನಪ್ಪಾ, ಜೋಪಾನ" ಎನ್ನುತ್ತ ಓಡಾಡಿ ಓಡಾಡಿ ಈ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಮೊಟ್ಟೆಗಳು ಮಾತ್ರ ಆ ಹೆಸರಿಗೆ ಎಂದೂ ಮರ್ಯಾದೆ ಕೊಟ್ಟಿರಲಿಲ್ಲ.

ಅವನು ಮೊಟ್ಟೆ ಕೊಡುತ್ತಿದ್ದುದು ಊರಾಚೆಯ ಕಲ್ಲುಕ್ವಾರಿಯ ಕ್ಯಾಂಟೀನಿಗೆ. ಅಲ್ಲಿಗೆ ಹೋಗುವ ದಾರಿಯನ್ನು ದಾರಿ ಎಂದು ಕರೆದವರು ಖಂಡಿತ ಅದರ ಮೇಲೆ ಓಡಾಡಿದವರಲ್ಲ. ಮೊದಲು ಒಂದಿಷ್ಟು ಡಾಂಬರು. ಅದು ಮುಗಿಯುತ್ತಲೇ ಒಣಗಿದ ಹೊಳೆಯ ಮರಳು. ಮರಳು ದಾಟಿದರೆ ಇಟ್ಟಿಗೆಗೂಡುಗಳ ಹಸಿ ಜೇಡಿಮಣ್ಣು. ಅದನ್ನೂ ದಾಟಿದರೆ ಗುಡ್ಡದ ಮೇಲಿನ ಜಲ್ಲಿಕಲ್ಲು. ಆನೆಕಾಲಿನಂಥ ಚಕ್ರದ ಲಾರಿಗಳು ಹೇಗೋ ಈಜಿಕೊಂಡು ಹೋಗುತ್ತಿದ್ದವು. ಜೋಪಾನಪ್ಪನ ಸೈಕಲ್ಲಿಗೆ ಇದ್ದುದು ಹೆಬ್ಬೆರಳು ದಪ್ಪದ ಟೈರು. ಅದು ಮರಳಿನಲ್ಲಿ ಹೂತುಹೋಗುತ್ತಿತ್ತು, ಮಣ್ಣಿನಲ್ಲಿ ಜಾರುತ್ತಿತ್ತು, ಜಲ್ಲಿಯ ಮೇಲೆ ಹೊಲಿಗೆ ಯಂತ್ರದ ಸೂಜಿಯ ಹಾಗೆ ಕುಣಿಯುತ್ತಿತ್ತು. ಹಿಂದಿನ ಸಲ ನಲವತ್ತೆರಡು ಮೊಟ್ಟೆ ಒಡೆದಿದ್ದವು, ಅದರ ಹಿಂದಿನ ಸಲ ಐವತ್ತೇಳು.

"ನಾನು ಮೊಟ್ಟೆ ತಾ ಅಂದಿದ್ದೆ," ಎಂದಿದ್ದ ಕ್ಯಾಂಟೀನಿನ ಮೇಸ್ತ್ರಿ, ಮೊಟ್ಟೆಯ ರಟ್ಟಿನ ತಟ್ಟೆಯಿಂದ ಸೋರುತ್ತಿದ್ದುದನ್ನು ನೋಡುತ್ತ. "ನೀನು ಆಮ್ಲೆಟ್ಟನ್ನೇ ತಂದಿದ್ದೀಯ. ಇನ್ನು ಒಲೆ ಹಚ್ಚೋದೊಂದು ಬಾಕಿ. ಇದೇ ರೀತಿ ಆದ್ರೆ ಪೇಟೆಯಿಂದ ಮೊಟ್ಟೆ ತರೋ ವ್ಯಾನಿನವನಿಗೆ ಹೇಳ್ಬೇಕಾಗುತ್ತೆ ನೋಡು."

ನಿನ್ನೆ ಸಂಜೆ ಲಾರಿ ಡ್ರೈವರನ ಕೈಯಲ್ಲಿ ಅದೇ ಮೇಸ್ತ್ರಿ ಹೇಳಿಕಳಿಸಿದ್ದ: ನಾಳೆ ಮುನ್ನೂರು ಮೊಟ್ಟೆ, ಹನ್ನೆರಡರೊಳಗೆ, ದೊಡ್ಡವರು ಬರ್ತಾರೆ, ಯಾವಾಗ್ಲೂ ತರೋ ಹಾಗೇ ತಗೊಂಡು ಬಾ. ಕೊನೆಯ ಮಾತು ಕುಟುಕುವುದಕ್ಕೇ ಹೇಳಿದ್ದೆಂದು ಗಂಡ ಹೆಂಡತಿ ಇಬ್ಬರಿಗೂ ಅನ್ನಿಸಿತು. ಇದೇ ಕೊನೆಯ ಅವಕಾಶ. ಮುನ್ನೂರೂ ಇಡಿಯಾಗಿ ಹೋಗಬೇಕು.

ಈಗ ನೋಡಿದರೆ ಟೈರೇ ಇಲ್ಲ.

"ಹೋದ್ರೆ ಹೋಗ್ಲಿ," ಎಂದಳು ಹೆಂಡತಿ. "ಆ ದರಿದ್ರ ಟೈರು ನನ್ನ ಕೋಳಿಗಳ ಶ್ರಮಾನೆಲ್ಲ ರಸ್ತೆಗೆ ಸುರೀತಿತ್ತು. ದಪ್ಪಂದು ಹಾಕ್ಸಿ."

ದಪ್ಪನೆಯ ಟೈರು. ಜೋಪಾನಪ್ಪನ ಎದೆಯಲ್ಲಿ ಏನೋ ಒಂದು ಗಂಟೆ ಬಾರಿಸಿದಂತಾಯಿತು. ಹತ್ತು ವರ್ಷದಲ್ಲಿ ಈ ಯೋಚನೆ ತನಗೇಕೆ ಹೊಳೆಯಲಿಲ್ಲ ಎಂದು ಆಶ್ಚರ್ಯಪಡುತ್ತಲೇ ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಬೀದಿಯ ತುದಿಗೆ ಓಡಿದ. ಮೇಷ್ಟ್ರು ಬಾಯಿ ಮುಕ್ಕಳಿಸಿ ಹಿಂದೆಯೇ ಓಡಿದರು.

ಬೀದಿಯ ತುದಿಯಲ್ಲಿ ಪಂಕ್ಚರ್ ಪಂಡಿತನ ಅಂಗಡಿ. ಗಿರಾಕಿ ಬಂದರೆ ಪಂಡಿತನಿಗೆ ಸಂತೋಷ, ಸಮಸ್ಯೆ ಬಂದರೆ ಪರಮ ಸಂತೋಷ. ವಿಷಯ ಕೇಳಿದವನೇ ಏಣಿ ಹತ್ತಿ ಅಟ್ಟದಿಂದ ಮೂರು ಜೊತೆ ಟೈರು ಇಳಿಸಿದ. ಒಂದೊಂದೂ ಜೋಪಾನಪ್ಪನ ತೋಳಿಗಿಂತ ದಪ್ಪ.

"ಇದು ನುಣುಪು ಮೈಯಿನ ಅಗಲದ್ದು. ಮರಳಿಗೆ," ಎಂದು ಪಂಡಿತ ಮೊದಲನೆಯದರ ಧೂಳು ಕೊಡವಿದ. "ಅಗಲ ಇರೋದ್ರಿಂದ ಮುಳುಗಲ್ಲ, ತೇಲುತ್ತೆ. ಇದು ಮಧ್ಯಮ, ಮೈ ತುಂಬ ಪುಟ್ಟ ಹಲ್ಲು. ಜಲ್ಲಿಗೆ. ಇನ್ನು ಇದು ಕೆಸರಿಂದು. ದೊಡ್ಡ ಹಲ್ಲು, ನಡುನಡುವೆ ಜಾಗ ಬಿಟ್ಟಿದ್ದಾರೆ ನೋಡು. ಒತ್ತೊತ್ತಾಗಿದ್ರೆ ಮಣ್ಣು ಕಚ್ಕೊಂಡು ಚಕ್ರಾನೇ ಉಂಡೆ ಆಗ್ಬಿಡುತ್ತೆ. ನಿನ್ನ ದಾರಿ ಯಾವ್ದು?"

"ಮೂರೂ."

"ಹಾಗಾದ್ರೆ ಮೂರು ಸೈಕಲ್ ಬೇಕು."

"ಇರೋದು ಒಂದೇ. ಅದೂ ಹನ್ನೆರಡರೊಳಗೆ ಅಲ್ಲಿರ್ಬೇಕು."

ಮೇಷ್ಟ್ರು ಆಗಲೇ ಇದ್ದಿಲಿನ ಚೂರು ಹಿಡಿದು ಅಂಗಡಿಯ ಗೋಡೆಯ ಮೇಲೆ ಮರಳು, ಮಣ್ಣು, ಜಲ್ಲಿಯ ಚಿತ್ರ ಬರೆಯತೊಡಗಿದ್ದರು. "ಮರಳಿನ ಉದ್ದ ಜಾಸ್ತಿ. ಆದ್ದರಿಂದ ಎರಡೂ ಕಡೆ ನುಣುಪು," ಎಂದು ಒಂದು ಗೆರೆ ಎಳೆದರು.

"ಎರಡೂ ಕಡೆ ನುಣುಪು ಹಾಕಿದ್ರೆ ಇಟ್ಟಿಗೆಗೂಡಿನ ಹತ್ರ ಭಾವ ಬೆಣ್ಣೆ ಮೇಲೆ ಬಿದ್ದ ನೊಣ ಆಗ್ತಾರೆ," ಎಂದಿತು ಹಿಂದಿನಿಂದ ಒಂದು ದನಿ. ಅದು ಜೋಪಾನಪ್ಪನ ಭಾವಮೈದ, ಟ್ರ್ಯಾಕ್ಟರ್ ಓಡಿಸುವವನು. ಅಕ್ಕ ಅವನನ್ನು ಸಹಾಯಕ್ಕೆಂದು ಅಟ್ಟಿದ್ದಳು. "ತಳ್ಳೋದು ಹಿಂದಿನ ಚಕ್ರ, ಅದಕ್ಕೆ ಹಲ್ಲು ಬೇಕು. ಮುಂದಿನದು ಬರೀ ದಾರಿ ತೋರ್ಸುತ್ತೆ, ಅದಕ್ಕೆ ಅಗಲ ಸಾಕು. ಟ್ರ್ಯಾಕ್ಟರ್ ನೋಡಿಲ್ವಾ?"

"ಟ್ರ್ಯಾಕ್ಟರಿನ ಮುಂದಿನ ಚಕ್ರ ಸಣ್ಣದು," ಎಂದರು ಮೇಷ್ಟ್ರು.

"ನೀವು ಓಡ್ಸಿದ್ದೀರಾ?"

"ಬರೆದಿದ್ದೀನಿ. ಮೂವತ್ತು ವರ್ಷ."

ಈ ವಾದ ಗೋಡೆ ತುಂಬುವ ತನಕ ನಡೆಯುತ್ತಿತ್ತೋ ಏನೋ. ಪಂಡಿತನೇ ಮಧ್ಯೆ ಬಂದು ಮುಂದೆ ನುಣುಪು, ಹಿಂದೆ ಕೆಸರಿನ ಬಿಡಿ ಹಲ್ಲು ಎಂದು ತೀರ್ಪು ಕೊಟ್ಟ. "ಜಲ್ಲಿಗೆ?" ಎಂದು ಜೋಪಾನಪ್ಪ ಕೇಳಿದ. "ಜಲ್ಲೀಲಿ ಮೊಟ್ಟೆ ಕಾಯೋದು ಹಲ್ಲಲ್ಲ, ಗಾಳಿ. ಅದನ್ನ ಆಮೇಲೆ ನೋಡೋಣ," ಎಂದ ಪಂಡಿತ ಸ್ಪ್ಯಾನರ್ ಹಿಡಿದ.

ಹೊಸ ಟೈರು ಸೈಕಲ್ಲಿನ ಕಾಲುಗಳ ನಡುವೆ ತೂರಲಿಲ್ಲ. ಮಡ್‌ಗಾರ್ಡ್ ಬಿಚ್ಚಿದರು, ತೂರಿತು. ಆದರೆ ಮುಂದಿನ ಬ್ರೇಕು ಟೈರನ್ನು ತಬ್ಬಿಕೊಂಡು ಬಿಡಲೊಲ್ಲದು. ಬ್ರೇಕು ಬಿಚ್ಚಿದರು. ಹಿಂದಿನ ಚಕ್ರ ಚೈನಿಗೆ ತಾಗುತ್ತಿತ್ತು. ಅದನ್ನು ಇಷ್ಟು ಹಿಂದೆ ಸರಿಸಿದರು, ಚೈನಿನ ಡಬ್ಬಿಯನ್ನು ಕಳಚಿ ಪಕ್ಕಕ್ಕಿಟ್ಟರು. ಒಂಬತ್ತೂವರೆಯ ಹೊತ್ತಿಗೆ ಸೈಕಲ್ಲಿನಲ್ಲಿ ಇದ್ದುದಕ್ಕಿಂತ ನೆಲದ ಮೇಲೆ ಇದ್ದ ಸೈಕಲ್ಲೇ ಹೆಚ್ಚಾಗಿತ್ತು.

ಪಂಡಿತ ಪಂಪು ಹಿಡಿದು ಟೈರುಗಳು ಬಂಡೆಯಂತಾಗುವ ತನಕ ಗಾಳಿ ತುಂಬಿದ. ಪ್ರಯೋಗ ಮಾಡದೆ ಮೊಟ್ಟೆ ಹೇರಬಾರದೆಂದು ಮೇಷ್ಟ್ರು ಪಟ್ಟು ಹಿಡಿದರು. ಭಾವಮೈದ ಮನೆಯಿಂದ ಒಂದೇ ಒಂದು ಮೊಟ್ಟೆ ಇಟ್ಟ ತಟ್ಟೆ ತಂದು ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಬೀದಿಯ ಉಬ್ಬಿನ ಕಡೆಗೆ ಹೊರಟ. ಮೇಷ್ಟ್ರು ಹತ್ತಿರದಿಂದ ನೋಡಲೆಂದು ಜೊತೆಯಲ್ಲೇ ಓಡಿದರು. ಉಬ್ಬು ಬಂದಾಗ ಸೈಕಲ್ಲು ಚೆಂಡಿನಂತೆ ನೆಗೆಯಿತು. ಮೊಟ್ಟೆ ಇನ್ನೂ ಎತ್ತರಕ್ಕೆ ನೆಗೆದು, ಅಲ್ಲೇ ಸ್ವಲ್ಪ ಯೋಚಿಸಿ, ಮೇಷ್ಟ್ರ ಬನಿಯನ್ನಿನ ಮೇಲೆ ಇಳಿಯಿತು.

"ಪ್ರಯೋಗ ಸಫಲ," ಎಂದರು ಮೇಷ್ಟ್ರು, ಎದೆ ಒರೆಸಿಕೊಳ್ಳುತ್ತ. "ಏನಾಗುತ್ತೆ ಅಂತ ಗೊತ್ತಾಯ್ತಲ್ಲ."

ಅಷ್ಟರಲ್ಲಿ ಗಂಡ ಇನ್ನೂ ಬರಲಿಲ್ಲವೆಂದು ಹೆಂಡತಿಯೇ ಬಂದಳು. ಟೈರನ್ನು ಬೆರಳಿನಿಂದ ಕುಟ್ಟಿ ನೋಡಿದಳು. ನಾಲ್ವರು ಗಂಡಸರನ್ನೂ ಒಬ್ಬೊಬ್ಬರಾಗಿ ನೋಡಿದಳು.

"ಯಾವ ಕೋಳಿಯಾದ್ರೂ ಬಂಡೆ ಮೇಲೆ ಮೊಟ್ಟೆ ಇಟ್ಟಿದ್ದು ನೋಡಿದ್ದೀರಾ? ಗಾಳಿ ಬಿಡಿ."

"ಕಡಿಮೆ ಗಾಳೀಲಿ ಓಡ್ಸಿದ್ರೆ ರಿಮ್ಮು ಕಲ್ಲಿಗೆ ಹೊಡೆಯುತ್ತಮ್ಮ," ಎಂದ ಪಂಡಿತ.

"ಪೂರ್ತಿ ಬಿಡಿ ಅಂದ್ನಾ? ಮಗು ಕೆನ್ನೆ ಒತ್ತಿದ ಹಾಗಿರ್ಬೇಕು." ಅವಳೇ ಕೂತು ಗಾಳಿ ಬಿಟ್ಟಳು. ಬಿಟ್ಟಳು, ಹೆಬ್ಬೆರಳಿನಿಂದ ಒತ್ತಿದಳು, ಮತ್ತೆ ಒಂಚೂರು ಬಿಟ್ಟಳು. "ಈಗ ಓಡ್ಸು."

ಅವಳ ತಮ್ಮ ಈ ಸಲ ಮೂರು ಮೊಟ್ಟೆ ಇಟ್ಟುಕೊಂಡು ಉಬ್ಬಿನ ಮೇಲೆ ಹತ್ತಿಸಿದ. ಟೈರು ಉಬ್ಬನ್ನು ನುಂಗಿ ಸುಮ್ಮನಾಯಿತು. ಮೊಟ್ಟೆಗಳಿಗೆ ಎಚ್ಚರವೂ ಆಗಲಿಲ್ಲ. ಜೋಪಾನಪ್ಪನಿಗೆ ಕುಣಿಯಬೇಕೆನಿಸಿತು. ಹೆಂಡತಿ ಎದುರಿಗಿದ್ದುದರಿಂದ ಬರೀ ನಕ್ಕ.

ಮನೆಗೆ ಮರಳಿ ಹತ್ತು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಹಳೆಯ ಟ್ಯೂಬಿನಿಂದ ಬಿಗಿದು, ಹತ್ತೂಮುಕ್ಕಾಲಿಗೆ ಜೋಪಾನಪ್ಪ ಹೊರಟ. ಡಾಂಬರಿನ ಮೇಲೆ ಹಿಂದಿನ ಹಲ್ಲುಗಳು ಜೇನುಗೂಡಿನಂತೆ ಗುಂಯ್‌ಗುಟ್ಟಿದವು. ತುಳಿಯುವುದು ಭಾರ. ಬೆವರು ಕಿತ್ತುಕೊಂಡು ಬಂತು. ಆದರೂ ಮರಳು ಕಂಡಾಗ ಅವನು ಅಭ್ಯಾಸದಂತೆ ಇಳಿಯಲಿಲ್ಲ. ಉಸಿರು ಬಿಗಿಹಿಡಿದು ನುಗ್ಗಿಸಿದ.

ತೇಲಿತು. ಹತ್ತು ವರ್ಷ ತನ್ನ ಚಪ್ಪಲಿಗಳನ್ನು ಒಂದೊಂದಾಗಿ ತಿಂದುಹಾಕಿದ್ದ ಆ ಮರಳಿನ ಮೇಲೆ ಸೈಕಲ್ಲು ದೋಣಿಯಂತೆ ತೇಲಿತು. ಎದುರಿನಿಂದ ತನ್ನ ಸೈಕಲ್ಲನ್ನು ತಳ್ಳಿಕೊಂಡು ಬರುತ್ತಿದ್ದ ಇಟ್ಟಿಗೆ ಕೆಲಸದವನೊಬ್ಬ ಬಾಯಿ ತೆರೆದು ನಿಂತ.

"ಏನಿದು?"

"ಅಗಲ," ಎಂದು ಕೂಗಿದ ಜೋಪಾನಪ್ಪ. ಅಷ್ಟು ಹೇಳಲು ಮಾತ್ರ ಉಸಿರಿತ್ತು.

ಇಟ್ಟಿಗೆಗೂಡಿನ ಜೇಡಿಮಣ್ಣಿನಲ್ಲಿ ಹಿಂದಿನ ಚಕ್ರ ಹಲ್ಲೂರಿ ಹತ್ತಿತು. ಮಣ್ಣನ್ನು ಕಚ್ಚಿ ಕಚ್ಚಿ ಉಗುಳಿತು. ಮಡ್‌ಗಾರ್ಡ್ ಇಲ್ಲದ್ದರಿಂದ ಉಗುಳಿದ್ದೆಲ್ಲ ನೇರ ಅವನ ಬೆನ್ನಿಗೆ, ಕತ್ತಿಗೆ, ಬೋಳುತಲೆಗೆ. ಅವನು ಅದನ್ನು ಲೆಕ್ಕಿಸಲಿಲ್ಲ. ಜಲ್ಲಿಯ ಏರಿನಲ್ಲಿ ಒಂದೊಂದು ಕಲ್ಲನ್ನೂ ಟೈರು ಮೆತ್ತಗೆ ಬಾಯಿಗೆ ಹಾಕಿಕೊಂಡು ಬಿಡುತ್ತಿತ್ತು. ತಟ್ಟೆಗಳಿಂದ ಒಂದು ಟಕ್ ಎನ್ನುವ ಸದ್ದೂ ಇಲ್ಲ.

ಗುಡ್ಡದ ನೆತ್ತಿಯಿಂದ ಕ್ವಾರಿಯ ಅಂಗಳಕ್ಕೆ ಇಳಿಜಾರು. ಇದ್ದ ಒಂದು ಬ್ರೇಕು ಹಿಡಿದ. ಅದರ ತುಂಬ ಜೇಡಿಮಣ್ಣು ಮೆತ್ತಿತ್ತು. ಸೈಕಲ್ಲು ನಿಲ್ಲಲಿಲ್ಲ. ಅವನು ಅಂಗಳದಲ್ಲಿ ಕಲ್ಲಿನ ರಾಶಿಯನ್ನು ಒಂದು ಸುತ್ತು ಬಂದ, ನೀರಿನ ತೊಟ್ಟಿಯನ್ನು ಒಂದು ಸುತ್ತು ಬಂದ, ಕ್ಯಾಂಟೀನನ್ನೇ ಎರಡು ಸುತ್ತು ಬಂದ. ಕೆಲಸದವರು ಇದೇನೋ ಸರ್ಕಸ್ಸೆಂದು ತಿಳಿದು ಚಪ್ಪಾಳೆ ತಟ್ಟಿದರು. ಕೊನೆಗೆ ವೇಗ ತಾನಾಗಿಯೇ ತಗ್ಗಿ ಕ್ಯಾಂಟೀನಿನ ಬಾಗಿಲ ಮುಂದೆ ನಿಂತಾಗ ಹನ್ನೆರಡಕ್ಕೆ ಹತ್ತು ನಿಮಿಷ.

ಬಾಗಿಲಲ್ಲಿ ಮೇಸ್ತ್ರಿಯ ಪಕ್ಕ ಕನ್ನಡಕದ ಸಾಹೇಬರೊಬ್ಬರು ನಿಂತಿದ್ದರು. ಕೈಯಲ್ಲಿ ಪೆನ್ನು, ಉದ್ದನೆಯ ಹಾಳೆ. ಆಚೆ ಒಂದು ಜೀಪು.

"ಇವನೇ ಸಾರ್, ನಾನು ಹೇಳಿದ್ನಲ್ಲ," ಎನ್ನುತ್ತಿದ್ದ ಮೇಸ್ತ್ರಿ ಅಳುವ ದನಿಯಲ್ಲಿ. "ನೋಡಿ, ಅವನ ಅವಸ್ಥೆ ನೋಡಿ. ಮನುಷ್ಯನೋ ಮಣ್ಣಿನ ಗೊಂಬೆಯೋ ಗೊತ್ತಾಗಲ್ಲ. ಈಗ ಮೊಟ್ಟೆ ನೋಡಿ."

"ನೋಡಿ ಸಾರ್, ನೋಡಿ," ಎಂದ ಜೋಪಾನಪ್ಪ ಹೆಮ್ಮೆಯಿಂದ, ಟ್ಯೂಬು ಬಿಚ್ಚುತ್ತ.

ಮೊದಲ ತಟ್ಟೆ, ಮೂವತ್ತೂ ಇಡಿ. ಎರಡನೆಯದು, ಮೂವತ್ತೂ ಇಡಿ. ಮೇಸ್ತ್ರಿಯ ಮುಖ ಬಿಳಿಚಿತು. ಐದನೆಯ ತಟ್ಟೆಯ ಹೊತ್ತಿಗೆ ಅವನು ಜೋಪಾನಪ್ಪನ ಕಾಲು ತುಳಿದ. ಏಳನೆಯದಕ್ಕೆ ಪಕ್ಕೆಗೆ ತಿವಿದ. ಸಂತೋಷಕ್ಕೆ ಹೀಗೆ ಮಾಡುತ್ತಿದ್ದಾನೆಂದು ತಿಳಿದು ಜೋಪಾನಪ್ಪನೂ ಅವನಿಗೆ ಮೆಲ್ಲಗೆ ತಿವಿದ. ಹತ್ತನೆಯದೂ ಮುಗಿಯಿತು. ಒಂದು ಮೊಟ್ಟೆಗೆ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

"ದಾರಿ ಹೇಗಿತ್ತು?" ಎಂದರು ಸಾಹೇಬರು.

"ಹಾಸಿಗೆ ಮೇಲೆ ಬಂದ ಹಾಗಿತ್ತು ಸಾರ್."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲೆ ಏನೋ ಬರೆದು, ಕೆಳಗೆ ಎರಡು ಗೆರೆ ಎಳೆದು, ಜೀಪು ಹತ್ತಿ ಹೋದರು. ಧೂಳು ಅಡಗಿದ ಮೇಲೆ ಮೇಸ್ತ್ರಿ ಒಂದು ಮೊಟ್ಟೆ ಎತ್ತಿ ಬಿಸಿಲಿಗೆ ಹಿಡಿದು ನೋಡಿ ಕೆಳಗಿಟ್ಟ.

"ಅವರು ಯಾರು ಗೊತ್ತಾ?" ಎಂದ ಆಮೇಲೆ, ತುಂಬ ಮೆಲ್ಲಗೆ. "ರಸ್ತೆ ಇಲಾಖೆಯವರು. ಈ ದಾರಿಗೆ ಡಾಂಬರು ಹಾಕ್ಸಿ ಅಂತ ಏಳು ವರ್ಷದಿಂದ ಕಾಲು ಹಿಡಿದು ಇವತ್ತು ಕರೆಸಿದ್ದೆ. ಈ ದಾರೀಲಿ ಏನೂ ಇಡಿಯಾಗಿ ಬರಲ್ಲ, ಬೇಕಾದ್ರೆ ನಮ್ಮ ಮೊಟ್ಟೆಯವನನ್ನ ನೋಡಿ ಅಂದಿದ್ದೆ. ನಿನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೆ ಕಣಯ್ಯ. ಯಾವಾಗ್ಲೂ ತರೋ ಹಾಗೇ ತಾ ಅಂತ ಹೇಳಿಕಳಿಸಿದ್ದೆ."

ಜೋಪಾನಪ್ಪನ ಬೆನ್ನಿನ ಮಣ್ಣು ಒಂದೇ ಸಲಕ್ಕೆ ತಣ್ಣಗಾಯಿತು.

"ಮೊದಲೇ ಹೇಳ್ಬಾರ್ದಾ? ಒಂದೈವತ್ತು ಒಡ್ಕೊಂಡು ಬರ್ತಿದ್ದೆ."

"ಇನ್ನು ಸಾಯೋ ತನಕ ಇದೇ ದಾರೀಲಿ ತುಳಿ."

ಜೋಪಾನಪ್ಪ ಒಂದು ತಟ್ಟೆ ಮೊಟ್ಟೆಯನ್ನು ಎತ್ತಿ ಕ್ಯಾರಿಯರಿಗೆ ಬಿಗಿದು ಸೈಕಲ್ಲಿಗೆ ಹಾರಿದ. "ಜೀಪು ದೂರ ಹೋಗಿರಲ್ಲ. ಒಡೆದು ತೋರಿಸ್ತೀನಿ. ಕಣ್ಣಾರೆ ನೋಡ್ಲಿ," ಎಂದ.

ಒಡೆಯುವುದು ಅಷ್ಟು ಕಷ್ಟವಾದೀತೆಂದು ಅವನು ಎಣಿಸಿರಲಿಲ್ಲ. ಜಲ್ಲಿಯಲ್ಲಿ ಅತಿ ದೊಡ್ಡ ಕಲ್ಲುಗಳನ್ನೇ ಹುಡುಕಿ ಹುಡುಕಿ ಹತ್ತಿಸಿದ. ಟೈರು ನುಂಗಿತು. ಗುಂಡಿ ಕಂಡಲ್ಲೆಲ್ಲ ಇಳಿಸಿದ. ಟೈರು ಮೆಲ್ಲಗೆ ಇಳಿದು ಮೆಲ್ಲಗೆ ಹತ್ತಿತು. ಸೀಟಿನ ಮೇಲೆ ಎದ್ದೆದ್ದು ಕುಕ್ಕರಿಸಿದ. ಇಟ್ಟಿಗೆಗೂಡಿನ ಕಾಲುವೆಯನ್ನು ಹಾರಿಸಿದ, ಮತ್ತೆ ಹಿಂದಕ್ಕೆ ಬಂದು ಇನ್ನೊಮ್ಮೆ ಹಾರಿಸಿದ. ತಿರುಗಿ ನೋಡಿದರೆ ಮೂವತ್ತು ಮೊಟ್ಟೆಗಳೂ ತೊಟ್ಟಿಲಲ್ಲಿ ಮಲಗಿದ ಮಕ್ಕಳ ಹಾಗಿದ್ದವು.

ಜೀಪು ಸಿಕ್ಕಿದ್ದು ಮರಳಿನಲ್ಲಿ. ಬರುವಾಗ ಲಾರಿಗಳ ಜಾಡು ಹಿಡಿದು ದಾಟಿದ್ದ ಅದರ ಹಿಂದಿನ ಚಕ್ರಗಳು ಈಗ ಜಾಡು ತಪ್ಪಿ ಅರ್ಧ ಹೂತುಹೋಗಿದ್ದವು. ಡ್ರೈವರ್ ಒತ್ತಿದಷ್ಟೂ ಅವು ಇನ್ನೂ ಆಳಕ್ಕೆ ಇಳಿಯುತ್ತಿದ್ದವು. ಸಾಹೇಬರು ಪಕ್ಕದಲ್ಲಿ ನಿಂತು, ಬರೆದ ಹಾಳೆಯನ್ನು ಬೇಸರದಿಂದ ನೋಡುತ್ತಿದ್ದರು.

"ನೀನಾ? ಹಾಸಿಗೆ ಅಂದಿದ್ದೆ," ಎಂದರು. "ನಾನು ಬರೆದಿದ್ದನ್ನ ಹೊಡೆದುಹಾಕ್ಬೇಕು ಅಂತ ಕಾಣುತ್ತೆ."

ಜೋಪಾನಪ್ಪ ಬಾಯಿ ತೆರೆಯದೆ ನಿಂತಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಆದರೆ ಬೆಳಗ್ಗೆಯಿಂದ ಅವನ ತಲೆಯಲ್ಲಿ ಟೈರು ಬಿಟ್ಟು ಬೇರೇನೂ ಇರಲಿಲ್ಲ. ಆ ಜೀಪಿನ ಚಕ್ರಗಳು ಬಂಡೆಯಂತೆ ಬಿಗಿದುಕೊಂಡು ಮರಳನ್ನು ಕೊರೆಯುತ್ತಿರುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಒತ್ಬೇಡಪ್ಪ, ಜೋಪಾನ," ಎಂದು ಡ್ರೈವರನಿಗೆ ಹೇಳಿಯೇ ಬಿಟ್ಟ. "ಗಾಳಿ ಬಿಡು. ನಾಲ್ಕಕ್ಕೂ. ಮಗು ಕೆನ್ನೆ ಒತ್ತಿದ ಹಾಗಿರ್ಬೇಕು."

ಡ್ರೈವರ್ ಸಾಹೇಬರ ಮುಖ ನೋಡಿದ. ಅವರು ತಲೆಯಾಡಿಸಿದರು. ಜೋಪಾನಪ್ಪನೇ ಮೊಣಕಾಲೂರಿ ಚಕ್ರಗಳ ಸುತ್ತ ಮರಳು ತೋಡಿದ, ಒಂದೊಂದಾಗಿ ಗಾಳಿ ಬಿಟ್ಟ, ಹೆಬ್ಬೆರಳಿನಿಂದ ಒತ್ತಿ ನೋಡಿದ. ಟೈರುಗಳು ಹೊಟ್ಟೆ ಬಿಟ್ಟುಕೊಂಡು ಅಗಲವಾದವು. "ಈಗ ಮೆಲ್ಲಗೆ," ಎಂದ. ಜೀಪು ಒಮ್ಮೆ ನಡುಗಿ, ಮರಳಿನ ಮೇಲೆ ಎದ್ದು ಬಂದು, ಗಟ್ಟಿ ನೆಲದ ಮೇಲೆ ನಿಂತಿತು. ಜೋಪಾನಪ್ಪ ತನಗರಿವಿಲ್ಲದೆ ಚಪ್ಪಾಳೆ ತಟ್ಟಿದ. ಎರಡನೆಯ ಚಪ್ಪಾಳೆಗೆ ಅವನಿಗೆ ತಾನು ಬಂದ ಕೆಲಸ ನೆನಪಾಯಿತು.

"ಸಾರ್, ಈ ರಸ್ತೆ ಬಹಳ ಕೆಟ್ಟದ್ದು ಸಾರ್," ಎಂದ ಗಡಿಬಿಡಿಯಿಂದ.

"ಅಲ್ಲಪ್ಪ," ಎಂದರು ಸಾಹೇಬರು. ಅವರ ಕಣ್ಣು ಕ್ಯಾರಿಯರ್ ಮೇಲಿನ ಮೂವತ್ತು ಇಡೀ ಮೊಟ್ಟೆಗಳ ಮೇಲಿತ್ತು. "ಇಪ್ಪತ್ತೆರಡು ವರ್ಷದಿಂದ ರಸ್ತೆ ಕೆಲ್ಸದಲ್ಲಿದ್ದೀನಿ. ಇವತ್ತು ಕಣ್ಣು ತೆರೀತು. ತಪ್ಪು ರಸ್ತೆಗಳದ್ದಲ್ಲ, ಟೈರುಗಳದ್ದು. ಇದನ್ನ ಮೇಲಿನವರಿಗೆ ಬರೀತೀನಿ. ಇದೊಂದೇ ಅಲ್ಲ, ಈ ಸುತ್ತಿನ ಹನ್ನೊಂದು ರಸ್ತೆಗೂ ಡಾಂಬರು ಬೇಡ."

"ಸಾರ್, ಮೊಟ್ಟೆ ಒಡೆಯುತ್ತೆ ಸಾರ್. ದಿನಾ ಒಡೆಯುತ್ತೆ. ಇವತ್ತೊಂದು ದಿನ ಹೇಗೋ..."

"ನಿನ್ನ ವಿನಯ ನನಗೆ ಹಿಡಿಸ್ತು." ಸಾಹೇಬರು ಅವನ ಮಣ್ಣು ಮೆತ್ತಿದ ಕೈಯನ್ನು ಹಿಡಿದು ಕುಲುಕಿದರು. "ಬರೀ ಬಾಯಿಮಾತಲ್ಲಿ ಹೇಳಿದ್ರೆ ಮೇಲಿನವರು ನಂಬಲ್ಲ. ಮಾದರಿ ಬೇಕು."

ಏನು ಮಾದರಿ ಎಂದು ಜೋಪಾನಪ್ಪ ಕೇಳುವಷ್ಟರಲ್ಲಿ ಡ್ರೈವರ್ ಜೀಪಿನಿಂದ ಸ್ಪ್ಯಾನರ್ ತಂದಿದ್ದ. ಜೋಪಾನಪ್ಪ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತ. ಸಾಹೇಬರು ಅವನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದುಕೊಂಡು ಹೋಗಿ, ಅಗಲ ಎಷ್ಟು, ಗಾಳಿ ಎಷ್ಟು, ಹಲ್ಲು ಹಿಂದೆಯೇ ಏಕೆ ಎಂದೆಲ್ಲ ಕೇಳಿದರು. ಕೇಳಿದ್ದಕ್ಕೆಲ್ಲ ಅವನು ಉತ್ತರ ಹೇಳಿದ. ಹೇಳಬಾರದೆಂದುಕೊಂಡರೂ ಹೇಳಿದ. ಮುಗಿಸಿ ತಿರುಗಿದಾಗ ಎರಡು ಟೈರುಗಳೂ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದವು. ಸಾಹೇಬರು ಹಾಳೆ ಹರಿದು ರಸೀದಿ ಬರೆದುಕೊಟ್ಟರು: ಅಗಲದ ಟೈರು, ಎರಡು, ಪರಿಶೀಲನೆಗಾಗಿ ಪಡೆಯಲಾಗಿದೆ.

"ಮೂರು ತಿಂಗಳಲ್ಲಿ ವಾಪಸ್ ಬರುತ್ತೆ. ಇಲ್ಲ ಅಂದ್ರೆ ಆರು."

ಜೀಪು ಹೊಟ್ಟೆ ಬಿಟ್ಟ ಟೈರುಗಳ ಮೇಲೆ ಹಾಯಾಗಿ ಮರಳು ದಾಟಿ ಹೋಯಿತು.

ಜೋಪಾನಪ್ಪ ಬರೀ ರಿಮ್ಮುಗಳ ಸೈಕಲ್ಲನ್ನು ಒಂದು ಹೆಗಲಿಗೆ ಹಾಕಿಕೊಂಡ. ಮೊಟ್ಟೆಯ ತಟ್ಟೆಯನ್ನು ಇನ್ನೊಂದು ಕೈಯಲ್ಲಿ ತಲೆಯ ಮೇಲೆ ಹಿಡಿದುಕೊಂಡ. ಕ್ಯಾಂಟೀನಿಗೆ ಇನ್ನೂ ಮೂವತ್ತು ಸೇರಬೇಕಿತ್ತಲ್ಲ. ಗುಡ್ಡದ ಕಡೆಗೆ ತಿರುಗಿ ಹತ್ತು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಜೀಪು ಹೂತಿದ್ದ ಗುಂಡಿಗೆ ಕಾಲು ಇಳಿಯಿತು.

ಮೂವತ್ತೂ ಒಡೆದವು. ಅವನು ಲೋಳೆಯ ನಡುವೆ ಕೂತು ಕಣ್ಣೊರೆಸಿಕೊಂಡು ದಾರಿಯುದ್ದಕ್ಕೂ ನೋಡಿದ. ಜೀಪು ಆಗಲೇ ಡಾಂಬರು ಹತ್ತಿ ತಿರುವಿನಲ್ಲಿ ಮರೆಯಾಗಿತ್ತು.